ಈ ಸಲ ಮಂದೆಗೆ ಹೂವು

ಆಲ್ಪ್ಸ್ ಮೇಲಿನ ಹುಲ್ಲುಗಾವಲು, ಸೆಪ್ಟೆಂಬರ್

ಅಪ್ಪಾ,

ಇಲ್ಲಿ ನಿನ್ನೆ ಮೊದಲ ಹಿಮ ಬಿತ್ತು. ಶನಿವಾರ ದನಗಳನ್ನು ಹೊಡೆದುಕೊಂಡು ಊರಿಗೆ ಇಳಿಯುತ್ತೇನೆ.

ಅಮ್ಮ ಮುಂದಿನ ಹಸುವಿನ ತಲೆಗೆ ಕಟ್ಟುತ್ತಿದ್ದ ಹೂಕಿರೀಟದ ಚೌಕಟ್ಟನ್ನು ಅಟ್ಟದಿಂದ ಇಳಿಸಿಡಿ. ತಂತಿ ಸಡಿಲವಾಗಿದ್ದರೆ ಬಿಗಿಯಿರಿ. ರಿಬ್ಬನ್ ಕೆಂಪಗಿರಲಿ. ಹೋದ ವರ್ಷ ಅಮ್ಮ ಇಲ್ಲೇ ತೀರಿಕೊಂಡಳು. ಸಾವು ಕಂಡ ಮಂದೆಗೆ ಹೂವಿಲ್ಲವೆಂದು ಕೋಟೆಯ ಹಿಂದಿನ ಓಣಿಯಲ್ಲಿ ಸದ್ದಿಲ್ಲದೆ ಬಂದೆವು. ಈ ಸಲ ಎರಡು ಕೋಟೆಗಳ ನಡುವಿನ ದೊಡ್ಡ ಬೀದಿಯಲ್ಲೇ, ಹಬ್ಬದ ವಾದ್ಯದ ಹಿಂದೆಯೇ ಬರುತ್ತೇವೆ.

ಈ ಬೇಸಿಗೆಯಲ್ಲಿ ನಾನು ಹೊರಟಾಗ ನೀವು, "ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಕಣೇ! ಒಂದೇ ಒಂದು ದನ ಸತ್ರೂ ಎಲ್ಲಾನೂ ದಲ್ಲಾಳಿ ಇಗ್ನಾಜ್‌ಗೆ ಮಾರ್ಬಿಡ್ತೀನಿ" ಅಂದಿದ್ದಿರಿ. ನಾನು ಮಂದೆಯ ಹಿಂದೆಯೇ ಬೆಟ್ಟ ಹತ್ತಿದ್ದೆ.

ಒಂದು ಪುಟ್ಟ ಕಿರೀಟವನ್ನೂ ಕಟ್ಟಿಡಿ. ನಮ್ಮ ಬ್ಲೂಮಾ ಕರು ಹಾಕಿದ್ದಾಳೆ. ಒಂದನ್ನೂ ಕಳೆದುಕೊಳ್ಳದೆ, ಹತ್ತಿದ್ದಕ್ಕಿಂತ ಒಬ್ಬಳು ಹೆಚ್ಚಾಗಿಯೇ ಇಳಿಯುತ್ತಿದ್ದೇವೆ. ಅಮ್ಮನ ದೊಡ್ಡ ಗಂಟೆಯನ್ನು ಬ್ಲೂಮಾಳ ಕೊರಳಿಗೆ ನೀವೇ ಕಟ್ಟಬೇಕು.

ಇಗ್ನಾಜ್‌ಗೂ ಹೇಳಿ ಕಳಿಸಿ. ಬೀದಿ ಬದಿಯಲ್ಲಿ ನಿಂತು ಮೆರವಣಿಗೆ ನೋಡಿಕೊಂಡು ಹೋಗಲಿ.

ನಿಮ್ಮ ಮಗಳು,
ಫ್ರೋನಿ