ಅಂಬಿಗನ ಸರದಿ

ಮಾರ್ಚ್ ೫, ಮಂಗಳವಾರ
ಪ್ಯಾಂಟುಗಳ ಕಾಲು ಗಿಡ್ಡ ಮಾಡಿದ್ದೇ ದಿನದ ಕೆಲಸ. ಮೆಷಿನ್ನಿನ ಬೆಲ್ಟು ಮತ್ತೆ ಸಡಿಲ. ಸಂಜೆ ತಮ್ಮನ ಗೆಳೆಯರಿಬ್ಬರು ಬಂದರು — ಬೀಗ ರಿಪೇರಿಯವನು, ನರ್ಸಮ್ಮ. ತಮ್ಮ ಸತ್ತು ತಿಂಗಳಾಯಿತು, ಈಗ ನೆನಪಾಯಿತೇ ಎಂದೆ.
ಭಾನುವಾರ ಇವರು ಮೇಜಿನ ಸುತ್ತ ಕೂತು ಕಥೆ ಆಡುತ್ತಿದ್ದರಂತೆ. ನರ್ಸಮ್ಮ ಕಥೆ ನಡೆಸುವವಳು. ಉಳಿದವರಿಗೆ ಒಂದೊಂದು ಪಾತ್ರ. ಆಗುತ್ತೋ ಇಲ್ಲವೋ ಎಂಬಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುವುದು, ಹೆಚ್ಚು ಬಿದ್ದರೆ ಗೆಲುವು. ತಮ್ಮನದು ಅಂಬಿಗನ ಪಾತ್ರ. ಕಥೆ ನಡುಹೊಳೆಯಲ್ಲಿ ನಿಂತಿದೆ. ಅವನ ಜಾಗದಲ್ಲಿ ನಾನು ಕೂರಬೇಕಂತೆ.
ಐವತ್ತು ದಾಟಿದ ಕತ್ತೆಗಳಿಗೆ ಆಟ ಬೇರೆ ಕೇಡು… ಬೈದು ಕಳಿಸಿದೆ.

ಮಾರ್ಚ್ ೧೦, ಭಾನುವಾರ
ಹೋದೆ. ಬೀಗದಂಗಡಿಯ ಹಿಂದಿನ ಕೋಣೆ, ಎಣ್ಣೆ ವಾಸನೆ. ತಮ್ಮನ ಕುರ್ಚಿ ಖಾಲಿ ಇಟ್ಟಿದ್ದರು. ಅದರಲ್ಲೇ ಕೂತೆ.
ಅಂಬಿಗ ಸುಳಿ ದಾಟಿದ. ಮೊಸಳೆ ಓಡಿಸಿದ. ಏನು ಮಾಡಿದರೂ ಗೆಲುವು. ದಾಳ ಉರುಳುವುದು ನರ್ಸಮ್ಮನ ಮುಂದಿನ ರಟ್ಟಿನ ಮರೆಯಲ್ಲಿ. ಎಷ್ಟು ಬಿತ್ತೆಂದು ಅವಳು ಹೇಳಿದ್ದೇ ಲೆಕ್ಕ.
ಆಕಳಿಕೆ ಬಂತು.

ಮಾರ್ಚ್ ೩೧, ಭಾನುವಾರ
ನಡುವೆ ಹೋಗಿರಲಿಲ್ಲ. ಇವತ್ತು ಹದಿನೆಂಟು ಬಿತ್ತು ಎಂದಳು. ರಟ್ಟು ಕಿತ್ತೆಸೆದೆ. ಬಿದ್ದದ್ದು ಎರಡು.
"ಪಾಪ ಅಂತ ನನಗೇ ಕಥೆ ಹೇಳ್ತಿದೀರಾ? ನನ್ನ ತಮ್ಮನ ಹತ್ರಾನೂ ಹೀಗೇ ಆಡ್ತಿದ್ರಾ?"
"ಇಲ್ಲ ಅಕ್ಕ," ಎಂದ ಬೀಗದವನು. "ಸೋತು ಸೋತು ಒಂದ್ಸಲ ಗೆದ್ರೆ ಕುಣಿದಾಡೋನು ಅವನು. ಈಗ ಅಂಬಿಗನ್ನ ಮುಳುಗ್ಸೋಕೆ ನಮಗೇ ಧೈರ್ಯ ಇಲ್ಲ."
ಹೇಳಿ ಅತ್ತ. ನನಗೆ ಇನ್ನೂ ಸಿಟ್ಟು. ಮುಳುಗುವ ಭಯವಿಲ್ಲದಿದ್ದರೆ ಅದೆಂಥ ಹೊಳೆ? ಮುಂದಿನ ವಾರದಿಂದ ದಾಳ ಎಲ್ಲರ ಕಣ್ಣೆದುರು ಎಂದು ಹೇಳಿ ಬಂದೆ.

ಏಪ್ರಿಲ್ ೭, ಭಾನುವಾರ
ದೋಣಿ ಒಡೆಯಿತು. ಒಬ್ಬರು ನೀರಿಗಿಳಿದು ದೂಡಿದರೆ ಮಾತ್ರ ಇನ್ನೊಬ್ಬ ದಡ ಕಾಣುತ್ತಾನೆ. ಬೀಗದವನದು ಕುರುಡ ಹಾಡುಗಾರನ ಪಾತ್ರ. ತಾನೇ ಇಳಿಯುತ್ತೇನೆಂದ. ಸುಮ್ಮನಿರು ಕುರುಡ ಎಂದು ಗದರಿ ಅಂಬಿಗನನ್ನು ಇಳಿಸಿದೆ. ಯಾರೂ ಹೇಳಿಕೊಡಲಿಲ್ಲ.
ದೋಣಿ ದಡ ಸೇರಿತು. ಅಂಬಿಗ ಬದುಕಲು ಹನ್ನೆರಡಾದರೂ ಬೀಳಬೇಕಿತ್ತು. ನಾನೇ ಉರುಳಿಸಿದೆ. ಮೂರು.
ಮತ್ತೊಮ್ಮೆ ಉರುಳಿಸಲು ಕೈ ಹೋಯಿತು. ಹಿಂದಕ್ಕೆಳೆದುಕೊಂಡೆ.
ತಮ್ಮ ಸತ್ತದ್ದು ಬಸ್ಸಿನಲ್ಲಿ, ಕೂತಲ್ಲೇ. ಪಕ್ಕದವರು ನಿದ್ದೆ ಅಂದುಕೊಂಡರು. ಯಾರಿಗೂ ಒಂದು ಮಾತು ಹೇಳದೆ ಹೋದ.
ನರ್ಸಮ್ಮ ಮೆಲ್ಲಗೆ ಕೇಳಿದಳು, "ಮುಳುಗೋ ಮುಂಚೆ ಅಂಬಿಗ ಏನಾದ್ರೂ ಹೇಳ್ತಾನಾ, ಅಕ್ಕ?"
ಹೇಳಿದೆ. ತಮ್ಮನ ದನಿಯಲ್ಲೇ ಬಂತು. ಇಬ್ಬರೂ ತಲೆ ತಗ್ಗಿಸಿ ಕೇಳಿದರು. ಇಲ್ಲಿ ಬರೆದಿಡೋಣವೆಂದು ಕೂತಿದ್ದೇನೆ. ಅಂಬಿಗ ಹೇಳಿದ್ದು — ಬೇಡ, ಅದು ನಮ್ಮ ಮೂವರಲ್ಲೇ ಇರಲಿ.