ಮಣ್ಣು ಹೊತ್ತ ಸಾಕ್ಷಿ

೨೫ ಮೇ ೧೯೫೯, ಸೋಮವಾರ. ಹಾಸನ

ಇವತ್ತೂ ಚನ್ನಪ್ಪ ಲಾಯರ ಜಗಲಿ. ಪುಸ್ತಕದ ಧೂಳು ಹೊಡೆಯುವ ಕೆಲಸ. ಕಾಲೇಜಿಗೆ ಹೋಗುವ ಮೊದಲೇ ಲಾ ನನ್ನ ಮೂಗಿನೊಳಗೆ ಹೋಗಿದೆ. ಬೆಳಗಿನಿಂದ ಸೀನು ನಿಂತಿಲ್ಲ.

ಜುಲೈ ಒಂದಕ್ಕೆ ಮೈಸೂರಿನಲ್ಲಿ ಬಿ.ಎಲ್. ಮೊದಲ ವರ್ಷ ಶುರು. ಸೀಟು ಸಿಕ್ಕಿದೆ. ಸ್ಕಾಲರ್‌ಷಿಪ್ಪೂ ಬರುತ್ತದೆ. ಇಲ್ಲದ್ದು ಒಂದೇ, ಇರಲು ಜಾಗ. ಹಾಸ್ಟೆಲಿನಲ್ಲಿ ಬಿ.ಎ. ಹುಡುಗರಿಗೇ ಸಾಲದು ಅಂದುಬಿಟ್ಟರು. ಬಾಡಿಗೆ ರೂಮು ಹುಡುಕಿದೆ. ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಮೆಲ್ಲಗೆ ‘ಯಾವ ಪೈಕಿ?’ ಅಂದರು. ಹೇಳಿದೆ. ರೂಮು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತಂತೆ. ಸುತ್ತಿದ ಮನೆಗಳಲ್ಲೆಲ್ಲ ಇದೇ. ನಾನು ಬಾಯಿ ಬಿಟ್ಟ ಗಳಿಗೆಗೇ ಮೈಸೂರೆಲ್ಲ ಭರ್ತಿ!

ಎದ್ದು ಓಡಾಡಿದೆ. ಕೂತೆ. ಮತ್ತೆ ಎದ್ದೆ. ಚನ್ನಪ್ಪನವರು ಬಾಯಲ್ಲಿನ ಅಡಿಕೆ ಆ ಕಡೆಯಿಂದ ಈ ಕಡೆಗೆ ತಳ್ಳಿ, “ಕೂರಕ್ಕಾಗಲ್ವೇನಯ್ಯಾ ಶಿವಯ್ಯ? ಲಾಯರ್‌ಗೆ ಮೊದಲು ಬೇಕಾದ್ದು ಗಟ್ಟಿ ಕುಂಡೆ. ಬುದ್ಧಿ ಆಮೇಲೆ” ಅಂದರು. ಚನ್ನರಾಯಪಟ್ಟಣದ ಕಡೆಯವರು. ಬಾಯಿ ಹಾಗೆ. ನನ್ನನ್ನು ಒಳಗೆ ಕೂರಿಸಿಕೊಂಡವರು ಇಡೀ ಹಾಸನದಲ್ಲಿ ಅವರೊಬ್ಬರೇ.

೨೮ ಮೇ

ಹೊಳೆನರಸೀಪುರಕ್ಕೆ ಹೋಗಿ ಬಂದೆ. ಗೆಳೆಯ ಲಕ್ಕಯ್ಯ ಬಿ.ಎಲ್. ಎರಡನೇ ವರ್ಷಕ್ಕೆ ಹೋದ, ಅವನ ಹಳೇ ಪುಸ್ತಕ ನನಗೆ. ಕಾಂಟ್ರಾಕ್ಟ್ ಪುಸ್ತಕಕ್ಕೆ ರಟ್ಟೇ ಇಲ್ಲ. ಮೈಸೂರಿನ ಅಶೋಕಪುರಂನಲ್ಲಿ ಚಿಕ್ಕಮ್ಮನ ಮನೇಲಿರುತ್ತಾನೆ. ಒಂದೇ ಕೋಣೆ, ಒಂಬತ್ತು ಜನ. “ನೀನೂ ಬಾರ್ಲಾ, ಪಾಳಿ ಮೇಲೆ ಮಲಿಕ್ಕಳಾನ” ಅಂತ ನಕ್ಕ. ನಗು ಬರಲಿಲ್ಲ.

ರೈಲಿನಲ್ಲಿ ಓದಿದೆ. ಒಪ್ಪಂದಕ್ಕೆ ಮೂರು ಬೇಕಂತೆ. ಆಫರ್. ಅಕ್ಸೆಪ್ಟೆನ್ಸ್. ಕನ್ಸಿಡರೇಶನ್. ಕೊನೆಯದೇ ಮುಖ್ಯ. ಒಬ್ಬ ಕೊಟ್ಟದ್ದಕ್ಕೆ ಇನ್ನೊಬ್ಬ ತಿರುಗಿ ಏನೋ ಕೊಡಬೇಕು. ಪುಕ್ಕಟೆ ಕೊಟ್ಟ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ.

೩೧ ಮೇ, ಭಾನುವಾರ. ಊರು

ಕಟ್ಟಾಯದಲ್ಲಿ ಬಸ್ಸಿಳಿದು ನಡೆದು ಬಂದೆ. ಅಪ್ಪ ಕೇರಿ ಬಾಯಲ್ಲೇ ನಿಂತಿದ್ದ, ಮುಖ ಅರಳಿತ್ತು.

“ತಿಮ್ಮಪ್ಪಾರು ಒಪ್ಕಂಡ್ರು ಕಣ್ಲಾ! ಮೈಸೂರಲ್ಲಿ ಅವರ ತಮ್ಮನ ಮನೆ ಇತ್ತಲಲ್ಲಿ ರೂಮೈತಂತೆ. ಬ್ಯಾರೆ ಬಾಗ್ಲು. ಕರೆಂಟು ಐತಂತೆ.”

ತಿಮ್ಮಪ್ಪನವರು ನಮ್ಮೂರಿನ ಅರ್ಧ ಭೂಮಿಯ ಒಡೆಯರು. ಅಪ್ಪ ಊರಿನ ಕುಳವಾಡಿ. ಅವರ ಮನೆ ಜಗಲಿ ಹತ್ತದೆ ಐವತ್ತು ವರ್ಷ ಅಂಗಳದಲ್ಲಿ ನಿಂತವನು. ಅಂಥವರು ರೂಮು ಕೊಡುತ್ತಾರೆ!

ಕುಣಿಯಬೇಕು. ಕುಣಿದೆ ಕೂಡ. ಅವ್ವ ನಕ್ಕಳು. ಆದರೆ ಹಾಳು ಪುಸ್ತಕ ತಲೆಯಲ್ಲಿ ಕೂತಿದೆ. ಆಫರ್ ಆಯಿತು. ಅಕ್ಸೆಪ್ಟೆನ್ಸ್ ಆಯಿತು. ಕನ್ಸಿಡರೇಶನ್ ಏನು?

೪ ಜೂನ್. ಹಾಸನ

ಜಗಲಿಗೆ ನಮ್ಮೂರ ಹೊನ್ನಕ್ಕ ಬಂದಿದ್ದಳು. ನಮ್ಮ ಕೇರಿಯವಳೇ, ಗಂಡ ಸತ್ತು ಆರು ವರ್ಷ. ಅವಳ ಹೊಲದ ಮಗ್ಗುಲಿಗೆ ತಿಮ್ಮಪ್ಪನವರ ಹೊಲ. ಹೋದ ವರ್ಷ ಗಡಿಕಲ್ಲು ನಡೆದುಬಂದು ಅವಳ ಹೊಲದ ನಡುವೆ ನಿಂತಿತು. ದಾವೆ ಹಾಕಿದ್ದಾಳೆ. ಲಾಯರು ಚನ್ನಪ್ಪನವರು. ಇದು ನನಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು —

“ತಿಮ್ಮಪ್ಪನ ಕಡೆ ಸಾಕ್ಷಿ ನಿಮ್ಮಪ್ಪನಂತಲ್ಲಯ್ಯ?” ಅಂದರು ಚನ್ನಪ್ಪನವರು.

ಹೊನ್ನಕ್ಕ ನಕ್ಕಳು. “ಒಳ್ಳೇದೇ ಆಯ್ತು ಬುಡಿ ಸಾ. ಉಚ್ಚಣ್ಣ ಯಾರ ಕಡೆ ನಿಂತ್ರೂ ಗಡಿ ಇದ್ದತ್ತಾವೇ ಇರ್ತದೆ.”

ನಿಜ. ಊರಿನ ಗಡಿ ಜಗಳ ತೀರಿಸುವವನು ಕುಳವಾಡಿ. ಆ ಹೊಲದ ಮಣ್ಣನ್ನೇ ಉಂಡೆ ಕಟ್ಟಿ ತಲೆ ಮೇಲಿಟ್ಟುಕೊಂಡು ಗಡಿ ನಡೆಯಬೇಕು. ಅವನು ನಡೆದದ್ದೇ ಗಡಿ. ಮಣ್ಣು ಹೊತ್ತು ಸುಳ್ಳು ನಡೆದರೆ ಅವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಅನ್ನುತ್ತಾರೆ. ಅಪ್ಪ, ಊರವರ ಬಾಯಲ್ಲಿ ಉಚ್ಚಣ್ಣನಾದ ಹುಚ್ಚಯ್ಯ, ಹಾಗೆ ನಡೆದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಎರಡು ಕಡೆಯವರೂ ತುಟಿಪಿಟಕ್ಕೆನ್ನದೆ ಮನೆಗೆ ಹೋಗಿದ್ದರು.

ಎದೆ ಉಬ್ಬಿತು. ನಾನು ನೋಡುವ ಮೊದಲ ಸಾಕ್ಷಿ ನನ್ನಪ್ಪನದೇ.

೯ ಜೂನ್, ಮಂಗಳವಾರ

ಸುಳ್ಳು ಹೇಳಿದ.

೯ ಜೂನ್, ಸಂಜೆ

ಬರೆದೇ ತೀರುತ್ತೇನೆ. ಅಪ್ಪ ಬಾಕ್ಸಿನಲ್ಲಿ ನಿಂತ. ಒಗೆದ ಪಂಚೆ. ದೇವರ ಮೇಲೆ ಪ್ರಮಾಣ ಮಾಡಿ, ಸತ್ಯವನ್ನೇ... ಎಂದು ಗುಮಾಸ್ತ ಗಡಗಡ ಓದಿದ. ಅಪ್ಪ ಹೂಂ ಅಂದ. ಕಲ್ಲು ಮೊದಲಿನಿಂದ ಎಲ್ಲಿತ್ತು? “ಈಗಿರೋ ತಾವೇ ಬುದ್ಧಿ.” ಯಾರಾದರೂ ಕಿತ್ತು ನೆಟ್ಟರೇ? “ಇಲ್ಲ ಬುದ್ಧಿ.” ಚನ್ನಪ್ಪನವರು ಕ್ರಾಸ್ ಮಾಡಿ ಮಾಡಿ ಸೋತರು. ಹೊನ್ನಕ್ಕ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಗೋಡೆ ನೋಡುತ್ತಿದ್ದ.

ಕನ್ಸಿಡರೇಶನ್ ಸಿಕ್ಕಿತು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಹಿಡಿದೆ. ಪ್ರಮಾಣ ಮಾಡಿ ಸುಳ್ಳು ಹೇಳಿದೆಯಲ್ಲ ಅಂದೆ.

“ಮೆಲ್ಲಗ್ ಮಾತಾಡ್ಲಾ.” ಬೀಡಿ ಹಚ್ಚಿದ. “ಅದ್ಯಾವ ಪರ್ಮಾಣ? ಅವನು ಓದ್ದ, ನಾನು ಹೂಂ ಅಂದೆ. ನನ್ ಮುಂದ್ಲವನು ಸುಳ್ಳು, ನನ್ ಹಿಂದ್ಲವನು ಸುಳ್ಳು. ಅದು ಸುಳ್ಳಾಡಕ್ಕೇ ಕಟ್ಸಿರೋ ಮನೆ ಕಣ್ಲಾ. ನಾನೇನು ತಲೆ ಮ್ಯಾಲೆ ಮಣ್ ಒತ್ತಿದ್ನಾ?”

“ಆ ಮನೆಯಲ್ಲೇ ನಾನು ದುಡಿಯಬೇಕಾಗಿರೋದು ಅಪ್ಪ.”

“ಅದ್ಕೇ ಯೋಳಿದ್ದು. ನೀನ್ ಓದ್ಬೇಕಲ್ಲ.”

ಬಸ್ಸು ಬಂತು. ಹತ್ತಿ ಹೋದ. ಬೈಯಬೇಕು ಅನಿಸಿತು, ಅಪ್ಪಿಕೊಂಡು ಅಳಬೇಕೂ ಅನಿಸಿತು. ಎರಡೂ ಮಾಡಲಿಲ್ಲ. ನಾಚಿಕೆಯಾಗುತ್ತಿದೆ, ಯಾರ ಬಗ್ಗೆ ಅಂತ ಗೊತ್ತಾಗುತ್ತಿಲ್ಲ.

೧೬ ಜೂನ್

ವಾರ ಏನೂ ಬರೆಯಲಿಲ್ಲ. ಓದಲಿಲ್ಲ ಕೂಡ. ಸುಮ್ಮನೆ ಧೂಳು ಹೊಡೆದೆ.

ಇವತ್ತು ಕೆಳಗಿನ ಸಾಲಿನಲ್ಲಿ ಗೆದ್ದಲು ತಿಂದ ತೆಳ್ಳನೆ ಪುಸ್ತಕ. ಇಂಡಿಯನ್ ಓತ್ಸ್ ಆಕ್ಟ್, ೧೮೭೩. ನಿಂತಲ್ಲೇ ಓದಿದೆ. ಆಮೇಲೆ ಕೂತು ಓದಿದೆ. ನಾನು ಕೂತೆ!

ಕೋರ್ಟಿನ ಪ್ರಮಾಣ ಸಾಲದು ಅನಿಸಿದರೆ, ಸಾಕ್ಷಿ ತನ್ನ ಜನರ ಪದ್ಧತಿಯ ಪ್ರಮಾಣ ಮಾಡಿ ಹೇಳಲಿ, ಅದಕ್ಕೆ ನಾನು ಬದ್ಧ ಎಂದು ಕಕ್ಷಿಗಾರ ಒಪ್ಪಿಕೊಳ್ಳಬಹುದು. ಕೋರ್ಟು ಆ ಸಾಕ್ಷಿಯನ್ನು ಕೇಳಬಹುದು: ಮಾಡುತ್ತೀಯಾ? ಮಾಡಿದರೆ, ಒಪ್ಪಿಕೊಂಡವನಿಗೆ ಅದೇ ಕೊನೆ ಮಾತು. ಮುಂದೆ ವಾದವಿಲ್ಲ. ಕೋರ್ಟಿನ ಹೊರಗೆ ಮಾಡಿಸಬೇಕಾದರೆ ಕೋರ್ಟು ತನ್ನ ಪರವಾಗಿ ನೋಡಿ ಬರೆದುಕೊಳ್ಳಲು ಕಮಿಷನರನ್ನು ಕಳಿಸಬಹುದು. ಮೂರನೆಯವರಿಗೆ ತಟ್ಟುವಂಥ ಪ್ರಮಾಣ ಮಾತ್ರ ಕೂಡದು.

ಪುಸ್ತಕ ಮತ್ತೆ ಕೆಳಗಿಟ್ಟೆ. ಧೂಳನ್ನೂ ಮೇಲೆ ಸವರಿಟ್ಟೆ.

೧೮ ಜೂನ್

ನಿದ್ದೆಯಿಲ್ಲ. ಚನ್ನಪ್ಪನವರಿಗೆ ಹೇಳಿದರೆ — ಅಪ್ಪ ಮಣ್ಣು ಹೊತ್ತು ಸುಳ್ಳಾಡುವುದಿಲ್ಲ. ರೂಮು ಹೋಯಿತು. ಒಂದು ವೇಳೆ ನನಗಾಗಿ ಅದನ್ನೂ ಆಡಿಬಿಟ್ಟರೆ? ಹೊನ್ನಕ್ಕನ ಹೊಲ ಹೋಯಿತು, ಅಪೀಲೂ ಇಲ್ಲದ ಹಾಗೆ, ನನ್ನ ಬುದ್ಧಿವಂತಿಕೆಯಿಂದ. ಹೇಳದಿದ್ದರೆ? ಏನೂ ಆಗುವುದಿಲ್ಲ. ಕರೆಂಟಿನ ಕೆಳಗೆ ಕೂತು ಲಾ ಓದುತ್ತೇನೆ.

೧೯ ಜೂನ್

ಹೇಳಿದೆ.

ಚನ್ನಪ್ಪನವರು ಅಡಿಕೆ ಉಗುಳಿ ಬಂದು ಓದಿದರು. “ಅಯ್ಯೋ ನಿನ್ನ! ಇಪ್ಪತ್ತು ವರ್ಷ ಆಯ್ತು ಇದನ್ನ ಮುಟ್ಟಿ.” ಆಮೇಲೆ ನನ್ನ ಮುಖ ನೋಡಿದರು. “ನಿಮ್ಮಪ್ಪ ಕಣಯ್ಯಾ. ಯೋಚನೆ ಮಾಡಿದ್ದೀಯಾ?”

ಮೂರನೆಯವರ ಮಾತು ಎತ್ತಿದೆ. “ಮಣ್ಣು ಅವನ ತಲೆ ಮೇಲೆ ತಾನೆ? ಆಗುತ್ತೆ” ಅಂದರು.

ಹೊನ್ನಕ್ಕನಿಗೆ ಬಿಡಿಸಿ ಹೇಳಿದೆ. ಅವನು ಏನು ಹೇಳಿದರೂ ನೀನು ಒಪ್ಪಬೇಕಾಗುತ್ತದೆ, ಹೊಲ ಪೂರ್ತಿ ಹೋಗಬಹುದು ಅಂದೆ. ಅವಳು ಯೋಚಿಸಲೂ ಇಲ್ಲ. “ಮಣ್ ಒತ್ತು ಯೋಳ್ಲಿ. ಆಮ್ಯಾಕೆ ನಾನು ಎರಡ್ನೇ ಮಾತಾಡಿದ್ರೆ ಕೇಳು.”

೨೨ ಜೂನ್, ಸೋಮವಾರ

ಮುನ್ಸೀಫರು ಅಪ್ಪನನ್ನು ಕರೆಸಿ, ಮಣ್ಣು ಹೊತ್ತು ಹೇಳುತ್ತೀಯಾ ಅಂತ ಕೇಳಿದರು. ಕೋರ್ಟಿನಲ್ಲಿ ಊರಿನ ಜನ ತುಂಬಿದ್ದರು. ತಿಮ್ಮಪ್ಪನವರು ಕೆಮ್ಮಿದರು. ಅಪ್ಪ ಕಾಲಿನ ಬೆರಳು ನೋಡಿಕೊಂಡ. ಒಲ್ಲೆ ಅಂದರೆ ಆಗಲೇ ಸುಳ್ಳು ಬಯಲು.

“ಆಗ್ಲಿ ಸಾಮಿ.”

ಭಾನುವಾರ ಕಮಿಷನರು ಬರುತ್ತಾರೆ.

೨೫ ಜೂನ್. ಊರು

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಸೆಕ್ಷನ್ ಹುಡುಕಿ ಕೊಟ್ಟದ್ದು ನಾನೇ ಅಂತ. ಅಪ್ಪನ ಕೈಯ ಮುದ್ದೆ ಹಾಗೇ ನಿಂತಿತು. ಅರ್ಧ ಮುದ್ದೆ ಬಿಟ್ಟು ಕೈ ತೊಳೆದ. ಜೀವಮಾನದಲ್ಲಿ ಅನ್ನ ಬಿಟ್ಟವನಲ್ಲ.

ಅವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. “ಎಂಥ ಕೆಲ್ಸ ಮಾಡ್ದೆ ಮಗ? ನಿಂಗೊಂದು ರೂಮು ಅಂತ ಅವನು ಮಣ್ ಒತ್ತು ಸುಳ್ಳು ನಡುದ್ರೆ, ದೀಪ ಹಚ್ಚಕ್ಕೆ ಇರೋನು ನೀನೊಬ್ನೇ ಅಲ್ವೇನ್ಲಾ?”

ನನಗೆ ನಂಬಿಕೆಯಿಲ್ಲ ಇದರಲ್ಲೆಲ್ಲ. ಬಿ.ಎ. ಓದಿದ್ದೇನೆ. ಆದರೂ ಅವ್ವನ ಕೈ ನನ್ನ ರಟ್ಟೆ ಬಿಡಲಿಲ್ಲ. ಆಕ್ಟಿನ ಪ್ರಕಾರ ಇದರಲ್ಲಿ ಮೂರನೆಯವರು ಯಾರೂ ಇಲ್ಲ. ಅವ್ವನ ಪ್ರಕಾರ ಮೂರನೆಯವನು ನಾನು.

೨೮ ಜೂನ್, ಭಾನುವಾರ

ಕಮಿಷನರು ಎಳೇ ಲಾಯರು, ಬೂಟು, ಛತ್ರಿ. ತಿಮ್ಮಪ್ಪನವರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ಊರಿಗೆ ಊರೇ ಬದುವಿನ ಮೇಲೆ.

ಅಪ್ಪ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದ. ಹೊಲದ ಮಣ್ಣು ಅಗೆದು, ನೀರು ಹಾಕಿ, ಉಂಡೆ ಕಟ್ಟಿದ. ಎಲ್ಲರೂ ನೋಡುತ್ತಿದ್ದಂತೆ ನನ್ನನ್ನು ಕರೆದ.

“ಬಾ. ನೀನೇ ಓದಿ ತಗ್ದಿದ್ದು. ನೀನೇ ಒರ್ಸು.”

ಹೊರಿಸಿದೆ. ತಣ್ಣಗಿತ್ತು. ನೀರು ಅವನ ಹಣೆ ಮೇಲೆ ಇಳಿಯಿತು. ಅವನು ಕಣ್ಣು ಒರೆಸಿಕೊಳ್ಳಲಿಲ್ಲ.

ಮೇಲಿನ ಮೂಲೆಯಿಂದ ಹೊರಟ. ಕೋರ್ಟಿನಲ್ಲಿ ಹೇಳಿದ ಪ್ರಕಾರ ಹೊಸ ಕಲ್ಲಿಗೆ ತಿರುಗಬೇಕು. ಅಲ್ಲಿಗೆ ಬಂದಾಗ ಹೆಜ್ಜೆ ನಿಧಾನವಾಯಿತು. ನಿಂತೇಬಿಟ್ಟ. ನನ್ನ ಮನಸ್ಸಿನ ಒಂದು ಮೂಲೆ, ಬರೆಯಲೂ ಹೇಸಿಗೆ, ತಿರುಗು ಅಪ್ಪ ಅಂದಿತು. ರೂಮು ಕಂಡಿತು, ಬೇರೆ ಬಾಗಿಲು ಕಂಡಿತು.

ಅಪ್ಪ ತಿರುಗಲಿಲ್ಲ. ನೆಟ್ಟಗೆ ತಿಮ್ಮಪ್ಪನವರ ಹಸನು ಮಾಡಿದ ಹೊಲದೊಳಕ್ಕೇ ನುಗ್ಗಿದ. ನಡೆದ, ನಡೆದ, ಒಂದು ಲಕ್ಕಿ ಗಿಡದ ಹತ್ತಿರ ನಿಂತು ಕಾಲಿನಿಂದ ನೆಲ ಒತ್ತಿದ.

“ಇದು ಗಡಿ. ಕಲ್ಲು ಇಲ್ಲಿತ್ತು.”

ಕಮಿಷನರು ಕಾಗದ ತಿರುವಿದರು. “ಕೋರ್ಟಿನಲ್ಲಿ ಬೇರೆ ಹೇಳಿದ್ದೀಯಲ್ಲ?”

“ಅದು ಸುಳ್ಳು ಸಾಮಿ. ಬರ್ಕಳಿ.”

ಇಂಡಿಯನ್ ಪೀನಲ್ ಕೋಡ್, ೧೯೩. ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ. ನಾನು ಓದಿದ್ದೆ. ಅಪ್ಪನಿಗೆ ಗೊತ್ತಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬರೆದುಕೊಂಡಾಗಿತ್ತು. ಅಪ್ಪ ಹೆಬ್ಬೆಟ್ಟು ಒತ್ತಿದ. ಬೆರಳಿನ ತುಂಬ ಮಣ್ಣು.

ತಿಮ್ಮಪ್ಪನವರು ಎದ್ದರು. “ಉಚ್ಚಾ, ನನ್ ತಮ್ಮನ ಮನೆ ಕಡೆ ನಿನ್ ಮಗ ತಲೆ ಹಾಕಂಗಿಲ್ಲ. ಯೋಳ್ಬುಡು.” ಹೊನ್ನಕ್ಕ ಬಂದು ಅಪ್ಪನ ಕೈಗೆ ನೀರು ಹಾಕಿದಳು.

೩೦ ಜೂನ್, ಬೆಳಿಗ್ಗೆ

ಟ್ರಂಕು ಕಟ್ಟಿದೆ. ಅಶೋಕಪುರಂಗೆ, ಲಕ್ಕಯ್ಯನ ಕೋಣೆಗೆ ಹತ್ತನೆಯವನಾಗಿ. ಪಾಳಿ ಮೇಲೆ ಮಲಗುತ್ತೇನೆ.

ರಾತ್ರಿಯೇ ಅಪ್ಪನಿಗೆ ೧೯೩ರ ವಿಷಯ ಹೇಳಿದೆ. ತಿಮ್ಮಪ್ಪನವರು ಹಟ ಹಿಡಿದರೆ ಕೇಸು ಆಗಬಹುದು, ಆಗದೆಯೂ ಇರಬಹುದು ಅಂದೆ. ಕೇಳಿಕೊಂಡು ಮಲಗಿದ. ಚೆನ್ನಾಗಿ ಗೊರಕೆ ಹೊಡೆದ.

ಈಗ ಕೇಳಿದ, “ಲಾ ಓದಕ್ಕೆ ಎಸ್ಟು ವರ್ಸ?”

“ಎರಡು.”

“ಬಿರ್ನೆ ಓದ್ಬುಡ್ಲಾ. ನಂಗೊಬ್ಬ ಲಾಯರು ಬೇಕಾಗ್ತದೇನೋ.”

ನಕ್ಕ. ಅವ್ವ ಬೈದಳು. ನಾನು ಗೋಡೆಗೆ ತಿರುಗಿ ಇದನ್ನು ಬರೆಯುತ್ತಿದ್ದೇನೆ, ಮುಖ ಕಾಣದಿರಲಿ ಅಂತ.

ಬಸ್ಸಿಗೆ ಹೊತ್ತಾಯಿತು. ಅಪ್ಪ ಆಗಲೇ ಟವೆಲ್ಲು ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡು ಟ್ರಂಕಿನ ಮುಂದೆ ನಿಂತಿದ್ದಾನೆ. ಕೂದಲ ಬುಡದಲ್ಲಿ ಇನ್ನೂ ಮಣ್ಣಿದೆ. ಈ ಸಲ ನಾನು ಹೊರುತ್ತೇನೆ ಅಪ್ಪ, ಸಿಂಬೆ ಕೊಡು ಅಂದರೆ ಕೇಳುತ್ತಿಲ್ಲ.