ಪಾಳೇಗಾರನ ನಿದ್ದೆ

ಜನವರಿ 9, ಶುಕ್ರವಾರ

ಮಕ್ಕಳಿಗೆ ಉಪ್ಪಿಟ್ಟು ತಿರುವ್ತಾ ತಿರುವ್ತಾನೇ ಪದ್ಯ ಹೇಳ್ಕೊಂಡೆ. ಪುಟಾಣಿಗಳೆಲ್ಲ ಚಪ್ಪಾಳೆ. ನಮ್ಮ ಅಂಗನವಾಡೀಲಿ ಇನ್ಮೇಲೆ ಶಿವಲಕ್ಷ್ಮಿ ಮಿಸ್ಸು ಇಲ್ಲ, ಪಾಳೇಗಾರನೇ ಇರೋದು.

ಪಾರ್ಟು ನನಗೇ ಬಂತು... ಮುತ್ತುರಾಜು ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಎಲ್ಲರ ಗಂಟಲೂ ಕೇಳಿದ್ರು. ಆಮೇಲೆ, "ಪಾಳೇಗಾರ ನೀನೇ ಕಣಮ್ಮ" ಅಂದ್ರು. ನಮ್ಮೂರು ಪುರವರದ ಹೆಂಗಸರೇ ಸೇರಿ ಮಾಡ್ತಿರೋ ಮೊದಲನೇ ನಾಟಕ. ಬರೆದದ್ದೂ ಮೇಷ್ಟ್ರೇ. ಫೆಬ್ರವರಿ ಒಂದಕ್ಕೆ ಮಧುಗಿರೀಲಿ ಸ್ಟೇಜು. ಕತ್ತಿ, ಪೇಟ, ಮೀಸೆ.

"ಮೀಸೆ ನನ್ನದಕ್ಕಿಂತ ದಪ್ಪ ಇರಬಾರ್ದು ನೋಡು" — ನಮ್ಮನೆಯವರು.

ಜನವರಿ 13

ನಿದ್ದೆನೇ ಇಲ್ಲ. ಪ್ರಾಕ್ಟೀಸ್ ಮುಗಿಸಿ ಬಂದು ಮಲಗಿದ್ರೆ ತಲೇಲಿ ಪದ್ಯ ಸುತ್ತುತ್ತೆ, ಕೈ ತಾನಾಗೇ ಕತ್ತಿ ಎತ್ತುತ್ತೆ. ಖುಷಿಗೂ ನಿದ್ದೆ ಕೆಡುತ್ತೆ ಅಂತ ಗೊತ್ತಿರಲಿಲ್ಲ.

ರಾಣಿ ಪಾರ್ಟು ಮಾಡೋ ಲೋಹಿತಾ ಒಂದು ಶೀಟ್ ಗುಳಿಗೆ ಕೊಟ್ಟಳು. "ಅಲರ್ಜಿದು ಕಣಕ್ಕ. ನಮ್ಮಣ್ಣ ನಿದ್ದೆಗೂ ಇದನ್ನೇ ನುಂಗೋದು. ಏನೂ ಆಗಕಿಲ್ಲ ಬುಡು."

ಜನವರಿ 14

ಸತ್ತಂಗೆ ಮಲಗಿದ್ದೆ. ಆಹಾ.

ಜನವರಿ 20

ದಿನಾ ನುಂಗ್ತಿದೀನಿ. ಒಂದು ಸಾಲ್ತಿಲ್ಲ, ಮೊನ್ನೆಯಿಂದ ಎರಡು. ಬೆಳಿಗ್ಗೆ ತಲೆ ಒದ್ದೆ ಗೋಣಿಚೀಲದಂಗೆ ಭಾರ. ಎಷ್ಟು ನೀರು ಕುಡಿದ್ರೂ ಬಾಯಿ ಒಣಗುತ್ತೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅತ್ತೆ ಆಂಜಿನಮ್ಮನೋರಿಗೂ ಬೇಕಂತೆ. "ನಂಗೂ ಒಂದ್ ಕೊಡೇ, ಕಣ್ಣೇ ಮುಚ್ಚಕಿಲ್ಲ." ನಾಳೆ ಕೊಡ್ತೀನಿ ಅಂದೆ.

ಧೂಳಿಗೆ ನೆಗಡಿ ಬೇರೆ. ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಸಿರಪ್ ತಂದೆ. ಗುಳಿಗೆ ವಿಷ್ಯ ನಾನೂ ಹೇಳ್ಲಿಲ್ಲ, ಅಂಗಡಿಯವನೂ ಕೇಳ್ಲಿಲ್ಲ.

ಜನವರಿ 22



ನಿನ್ನೆ ಪ್ರಾಕ್ಟೀಸ್‌ನಲ್ಲಿ ಮೊದಲನೇ ಪದ್ಯಾನೇ ಮರೆತೆ. ನೆನಪಾದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡು ಸ್ವರಾನೇ ಹೊರಡ್ಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಬಿಟ್ರು. "ಹಿಂಗಾದ್ರೆ ಪಾರ್ಟು ಬೇರೆಯೋರಿಗೆ ಕೊಡಬೇಕಾಯ್ತದೆ ಕಣಮ್ಮ."

ಇವತ್ತು ಬೆಳಿಗ್ಗೆ ಸ್ಕೂಟೀಲಿ ಹೋಗ್ತಾ ಕಣ್ಣು ಮಂಜಾಯ್ತು. ಒಂದು ಗಳಿಗೆ ನಿದ್ದೆನೇ ಬಂತೇನೋ. ಕಣ್ಣು ಬಿಟ್ಟಾಗ ಸ್ಕೂಟಿ ರಸ್ತೆ ಪಕ್ಕದ ಹುಲ್ಲಿನ ಮೆದೇಲಿ ನುಗ್ಗಿ ನಿಂತಿತ್ತು. ಮೊಣಕೈ ತರಚಿದೆ, ಅಷ್ಟೇ. ಎದುರಿಗೆ ಬಸ್ಸು ಬಂದಿದ್ರೆ...

ಜನವರಿ 23

ಮಧುಗಿರಿಗೆ ಹೋಗಿ ಡಾಕ್ಟರಮ್ಮನಿಗೆ ಶೀಟು, ಸಿರಪ್ ಎರಡನ್ನೂ ತೋರಿಸಿದೆ. ಪಕ್ಕಪಕ್ಕ ಇಟ್ಕೊಂಡು ಓದಿದ್ರು.

"ಎರಡೂ ಒಂದೇ ಜಾತಿ ಔಷಧಿ ಕಣಮ್ಮ. ಡಬಲ್ ಡೋಸ್ ಆಗಿದೆ. ಇದು ಅಲರ್ಜಿಗೆ ಇರೋದು, ನಿದ್ದೆ ಇದರ ಸೈಡ್ ಎಫೆಕ್ಟು. ಅಪರೂಪಕ್ಕೆ, ಕೇಳಿ ತಗೊಂಡ್ರೆ ಪರವಾಗಿಲ್ಲ. ದಿನಾ ತಗೊಂಡ್ರೆ ದೇಹ ಒಗ್ಗಿಹೋಗಿ ಕೆಲಸಾನೇ ಮಾಡಲ್ಲ. ಮಂಪರು ಮಾತ್ರ ಮಾರನೇ ದಿನಾನೂ ಉಳಿಯುತ್ತೆ. ಗಾಡಿ ಓಡಿಸಲೇಬಾರ್ದು."

ಅತ್ತೆಗೆ ಕೊಡಬಹುದಾ ಅಂದೆ.

"ವಯಸ್ಸಾದವರಿಗೆ ಬೇಡವೇ ಬೇಡ. ತಲೆ ಗೊಂದಲ ಆಗುತ್ತೆ, ಮೂತ್ರ ಕಟ್ಟುತ್ತೆ, ಬಿದ್ದುಬಿಡ್ತಾರೆ."

ಸದ್ಯ, ಮರೆತು ಕೊಟ್ಟಿರಲಿಲ್ಲ. ಮನೆಗೆ ಬಂದು ಹೇಳಿದ್ರೆ ಅತ್ತೆ, "ಅಂಗಾದ್ರೆ ಬ್ಯಾಡ ಬುಡವ್ವ" ಅಂದ್ರು.

ಎರಡೂ ಬಂದ್. ಸಂಜೆ ಮೇಲೆ ಟೀ ಇಲ್ಲ. ಮಲಗೋ ಮುಂಚೆ ಪದ್ಯ ಓದೋ ಹಾಗಿಲ್ಲ. ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು.

ಜನವರಿ 25

ನಿದ್ದೆ ಇಲ್ಲ. ಎಲ್ಲರ ಮೇಲೂ ಸಿಟ್ಟು. ಆದ್ರೆ ಬಾಯಲ್ಲಿ ಪಸೆ ಬಂದಿದೆ.

ಜನವರಿ 28

ಹಾಡಿದೆ. ಪೂರ್ತಿ, ಒಂದಕ್ಷರ ಬಿಡದೆ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಮುಂದಿನ ಪದ್ಯದ ಶ್ರುತಿ ಹಿಡಿದ್ರು. ಲೋಹಿತಾ ನನ್ನ ಕೈ ಹಿಸುಕಿದಳು. ಅವಳ ಅಣ್ಣನಿಗೂ ಗುಳಿಗೆ ನಿಲ್ಲಿಸಿ ಡಾಕ್ಟರ ಹತ್ರ ಹೋಗೋಕೆ ಹೇಳು ಅಂದಿದೀನಿ.

ಫೆಬ್ರವರಿ 1, ಸಂಜೆ

ಬಣ್ಣ ಹಚ್ಚಿಸ್ಕೊಂಡೆ. ಮೀಸೆ ಗಮ್ಮು ಕೆರೆಯುತ್ತೆ, ಕೆರೆದ್ರೆ ಕಿತ್ತುಬರುತ್ತೆ. ಪರದೆ ಸಂದೀಲಿ ಇಣುಕಿದೆ — ಅಬ್ಬಾ, ಎಷ್ಟು ಜನ. ಮುಂದಿನ ಸಾಲಲ್ಲೇ ಅತ್ತೆ. ರಾತ್ರಿ ಚೆನ್ನಾಗಿ ಮಲಗಿದ್ದೆ, ಗುಳಿಗೆ ಇಲ್ದೇನೇ. ಎದೆ ಮಾತ್ರ ಡವಡವ... ಕರೀತಿದಾರೆ.

ಫೆಬ್ರವರಿ 2

ಒನ್ಸ್ ಮೋರ್ ಅಂದ್ರು. ಎರಡು ಸಲ. ಎರಡನೇ ಸಲ ಕೂಗಿದ್ದು ನಮ್ಮತ್ತೆ ಅಂತೆ, ಎದ್ದು ನಿಂತು. ಮೇಷ್ಟ್ರು ಹಾರ್ಮೋನಿಯಂ ಹಿಂದೆ ಕಣ್ಣೊರೆಸ್ಕೊಂಡ್ರು, ನಾನು ನೋಡಿದೆ.

ಈಗ ಮಲಗಬೇಕು. ರಜಾ ಹಾಕಿದೀನಿ. ಫೋನು... ಶಿರಾದಿಂದಂತೆ, ಅಲ್ಲೊಂದು ಹೆಂಗಸರ ತಂಡ ಇದೆಯಂತೆ, ಸೇನಾಪತಿ ಪಾರ್ಟ್‌ಗೆ ಜನ ಸಿಕ್ಕಿಲ್ವಂತೆ. ಕುದುರೆ ಏರೋ ಸೀನ್ ಇದೆ ಮೇಡಂ, ನಿಜವಾದ ಕುದುರೆ, ನಿಮಗೆ ಭಯ ಏನಾದ್ರೂ ಇದೆಯಾ ಅಂತ ಕೇಳ್ತಿದಾರೆ. ನಾನು ಹೇಳಿದೆ — "ಭಯ ಏನಿಲ್ಲ, ಬರ್ತೀನಿ. ಮೊದಲು ಒಂದು ನಿದ್ದೆ ಮಾಡಿ ಏಳ್ತೀನಿ."